ಆಫರ್ ಲೆಟರ್ ಜೊತೆ ಬಂದ ಡ್ರಗ್ ಟೆಸ್ಟ್

ತಮ್ಮಾ, ಇಲ್ಲಿ ಅಮೆರಿಕದಲ್ಲಿ ಕೆಲಸದ ಆಫರ್ ಬಂದಿದೆ, ಮನೆ ಎಲ್ಲಿ ನೋಡಲಿ, ಕಾರು ಈಗಲೇ ಬೇಕಾ ಎಂದು ಕೇಳಿದ್ದೀಯ. ಕೊನೆಗೆ ಅಂಜುತ್ತಲೇ ಇನ್ನೊಂದು ಸಾಲು ಬರೆದಿದ್ದೀಯ. ಕಂಪನಿಯವರು ಯೂರಿನ್ ಡ್ರಗ್ ಟೆಸ್ಟ್ ಮಾಡಿಸು ಅಂದಿದ್ದಾರೆ, ಎರಡು ವಾರದ ಹಿಂದೆ ಗೆಳೆಯರ ಜೊತೆ ಒಂದು ಗಾಂಜಾ ಗಮ್ಮಿ (ಗಾಂಜಾ ಬೆರೆಸಿದ ಜೆಲ್ಲಿ ಮಿಠಾಯಿ) ತಿಂದಿದ್ದೆ, ಕೊಲೊರಾಡೊ ರಾಜ್ಯದಲ್ಲಿ ಅದಕ್ಕೆ ಕಾನೂನಿನ ಅಡ್ಡಿ ಇಲ್ಲ ಅಲ್ವಾ, ನೀರು ಜಾಸ್ತಿ ಕುಡಿದರೆ ಸಾಕಾ ಅಂತ.

ಮನೆ ಆಫೀಸಿಗೆ ಹತ್ತಿರ ನೋಡು. ಕಾರು ಸಂಬಳ ಶುರುವಾದ ಮೇಲೆ ತಗೋ. ಟೆಸ್ಟಿನ ಮಾತು ಸ್ವಲ್ಪ ಉದ್ದ ಇದೆ.

ನಮ್ಮ ಕಡೆ ಮೂತ್ರ ಪರೀಕ್ಷೆ ಅಂದರೆ ಸಕ್ಕರೆ ಇದೆಯಾ, ಸೋಂಕು ಇದೆಯಾ ಅಂತ ನೋಡುವುದು. ನಾನೂ ಹೊಸದರಲ್ಲಿ ಅದೇ ಧೈರ್ಯದಲ್ಲಿ ಲ್ಯಾಬಿಗೆ ಹೋದೆ. ಜೇಬು ಖಾಲಿ ಮಾಡಿಸಿದರು, ಬ್ಯಾಗು ಹೊರಗೆ ಇಡಿಸಿದರು. ಯಾರೂ ನೀರು ಬೆರೆಸಬಾರದು ಅಂತ ಕಮೋಡಿನ ನೀರು ನೀಲಿ, ನಲ್ಲಿ ಬಂದ್. ಕಪ್ಪಿನ ಮೇಲೆ ಬಿಸಿ ತೋರಿಸುವ ಪಟ್ಟಿ. 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಒಳಗಿರದಿದ್ದರೆ ಅನುಮಾನ. ಬಾಗಿಲ ಹೊರಗೆ ಒಬ್ಬರು ಕಾಯುತ್ತಾ ನಿಂತಿರುತ್ತಾರೆ. ಏನೂ ಮುಟ್ಟದವನಿಗೂ ಅವಮಾನ ಅನ್ನಿಸುತ್ತದೆ.

ಈ ಟೆಸ್ಟ್ ನೀನು ಈಗ ನಶೆಯಲ್ಲಿದ್ದೀಯಾ ಅಂತ ನೋಡುವುದಿಲ್ಲ. ಗಾಂಜಾದಲ್ಲಿ ನಶೆ ಏರಿಸುವ ಟಿಎಚ್‌ಸಿಯನ್ನು ಲಿವರ್ ಒಡೆದ ಮೇಲೆ ಉಳಿಯುವ ಅಂಶವನ್ನು ಹುಡುಕುತ್ತದೆ. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನಕ್ಕೆ ಹೊರಬರುತ್ತದೆ. ಒಂದೇ ಸಲ ತಗೊಂಡವನಲ್ಲಿ ಸಾಮಾನ್ಯವಾಗಿ ಕೆಲವೇ ದಿನ ಕಾಣುತ್ತದೆ. ದಿನಾ ಸೇದುವವನಲ್ಲಿ ತಿಂಗಳು ದಾಟಿದರೂ ಕಾಣಬಹುದು. ಫೆಡರಲ್ ಅಂದರೆ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಮೊದಲ ಸುತ್ತಿಗೆ ಮಿಲಿಲೀಟರಿಗೆ 50 ನ್ಯಾನೊಗ್ರಾಂ ಗಡಿ, ಖಚಿತ ಮಾಡುವ ಸುತ್ತಿಗೆ 15. ತುಂಬಾ ಖಾಸಗಿ ಕಂಪನಿಗಳೂ ಇದನ್ನೇ ಹಿಡಿಯುತ್ತವೆ. ನೀನು ಹೇಳಿದ್ದು ನಿಜವಾಗಿ ಒಂದೇ ಸಲವಾದರೆ ಟೆಸ್ಟಿನ ಬಗ್ಗೆ ಅಷ್ಟು ಹೆದರಬೇಡ. ಲೀಟರುಗಟ್ಟಲೆ ನೀರು ಕುಡಿಯಬೇಡ. ಮೂತ್ರದಲ್ಲಿ ಸಹಜವಾಗಿ ಇರುವ ಕ್ರಿಯಾಟಿನಿನ್ ಅನ್ನುವ ಅಂಶ ಇಳಿದರೆ 'ಡೈಲ್ಯೂಟ್' (ತೀರಾ ನೀರಾಗಿದೆ) ಅಂತ ಬರುತ್ತದೆ, ಮತ್ತೆ ಕರೆಸಬಹುದು.

ನನ್ನ ರೂಮ್‌ಮೇಟ್‌ಗೆ ಹಾಗೇ ಆಯಿತು. ನಮ್ಮೆಲ್ಲರಿಗಿಂತ ಚುರುಕು ಹುಡುಗ. ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಾರೆ, ಇನ್ನೇನು ಭಯ ಅಂತ ಹೆಚ್ಚು ಕಡಿಮೆ ದಿನಾ ಸೇದುತ್ತಿದ್ದ. ಮೊದಲ ಟೆಸ್ಟ್ ಡೈಲ್ಯೂಟ್, ಎರಡನೆಯದು ಪಾಸಿಟಿವ್. ಆಫರ್ ವಾಪಸ್. ಒಪಿಟಿಯಲ್ಲಿ, ಅಂದರೆ ಇಲ್ಲಿ ಓದಿದ ವಿದೇಶಿ ವಿದ್ಯಾರ್ಥಿಗಳಿಗೆ ಕೆಲಸ ಮಾಡಲು ಸಿಗುವ ತಾತ್ಕಾಲಿಕ ಅನುಮತಿಯಲ್ಲಿ, ಕೆಲಸವಿಲ್ಲದೆ ಇರಲು ಒಟ್ಟು 90 ದಿನ ಮಾತ್ರ. ಅಷ್ಟರಲ್ಲಿ ಬೇರೆ ಕೆಲಸ ಸಿಗಲಿಲ್ಲ, ಊರಿಗೆ ಹೊರಟ. ಪ್ರಾಜೆಕ್ಟ್ ನಿಂತುಹೋಯಿತು ಅಂತಲೇ ಅವನ ಅಪ್ಪ ಇವತ್ತಿಗೂ ನಂಬಿದ್ದಾರೆ. ಅವರ ಫೋನ್ ಬಂದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ರಾಜ್ಯ ಒಪ್ಪಿದ ಮಾತ್ರಕ್ಕೆ ಕಂಪನಿ ಒಪ್ಪಬೇಕಾಗಿಲ್ಲ. ಕೊಲೊರಾಡೊದಲ್ಲಿ ಕೈಕಾಲು ಸ್ವಾಧೀನವಿಲ್ಲದ ಒಬ್ಬರು ಔಷಧಿಯಾಗಿ, ಅದೂ ಕೆಲಸದ ಹೊತ್ತಿನ ಆಚೆ ಗಾಂಜಾ ಬಳಸಿ ಕೆಲಸ ಕಳೆದುಕೊಂಡಿದ್ದರು. ಕಂಪನಿ ಮಾಡಿದ್ದು ಸರಿ ಅಂತಲೇ 2015ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಗಾಂಜಾಕ್ಕೆ ಫೆಡರಲ್ ಕಾನೂನಿನ ಒಪ್ಪಿಗೆ ಇಲ್ಲ ಅನ್ನುವುದೇ ಕಾರಣ. ಕ್ಯಾಲಿಫೋರ್ನಿಯಾ 2024ರಿಂದ ಬೇರೆ ದಾರಿ ಹಿಡಿದಿದೆ. ಮೂತ್ರದಲ್ಲಿ ಉಳಿದ ಈ ಅಂಶವನ್ನೇ ನೆಪ ಮಾಡಿ ಕೆಲಸ ನಿರಾಕರಿಸುವಂತಿಲ್ಲ, ಕೆಲವು ಕೆಲಸಗಳನ್ನು ಬಿಟ್ಟು. ನಿನ್ನ ಕೆಲಸ ಯಾವ ರಾಜ್ಯದಲ್ಲಿ ಅಂತ ನೀನು ಬರೆದೇ ಇಲ್ಲ, ಮೊದಲು ಅದನ್ನು ನೋಡು.

ನನಗೆ ಟೆಸ್ಟಿಗಿಂತ ಭಯ ವೀಸಾದ್ದು. ಇಲ್ಲಿ ಹುಟ್ಟಿದ ಹುಡುಗರು ಪಾರ್ಟಿಯಲ್ಲಿ ಸುಮ್ನೆ ಹೇಳಿಕೊಳ್ಳುವ ಮಾತು ನಮಗೆ ದುಬಾರಿ. ಗಾಂಜಾ ಬಳಸಿದ್ದೇನೆ ಅಂತ ವಲಸೆ ಅಧಿಕಾರಿಯ ಮುಂದೆ ಒಪ್ಪಿಕೊಂಡರೆ, ಯಾವ ಕೇಸೂ ಇಲ್ಲದಿದ್ದರೂ ಮುಂದಿನ ಪ್ರವೇಶಕ್ಕೆ ಕುತ್ತು ಬರಬಹುದು. ಗ್ರೀನ್ ಕಾರ್ಡಿನ ಮೆಡಿಕಲ್‌ನಲ್ಲೂ ಡ್ರಗ್ಸ್ ಬಗ್ಗೆ ಕೇಳುತ್ತಾರೆ. ಸುಳ್ಳು ಹೇಳಿದರೆ ಅದು ಇನ್ನೊಂದು ಅಪರಾಧ. ಹಾಗಾಗಿ ಈಗಲೇ ವಲಸೆ ವಕೀಲರೊಬ್ಬರಿಗೆ ದುಡ್ಡು ಕೊಟ್ಟು ಎಲ್ಲ ಹೇಳು. ಗೆಳೆಯರ ಗುಂಪಿನಲ್ಲಿ ಮೆಸೇಜ್ ಹಾಕಬೇಡ. ನಿದ್ದೆಗೆ ಒಳ್ಳೆಯದು ಅಂತ ಮಾರುವ ಸಿಬಿಡಿ ಎಣ್ಣೆಯನ್ನೂ (ಅದೂ ಗಾಂಜಾ ಜಾತಿಯ ಗಿಡದಿಂದಲೇ ತೆಗೆಯುವುದು) ಮುಟ್ಟಬೇಡ, ಅದರಲ್ಲೂ ಟಿಎಚ್‌ಸಿ ಇರಬಹುದು. ಪಾಸಿಟಿವ್ ಬಂದರೆ ಸಾಮಾನ್ಯವಾಗಿ ಮೊದಲು ಒಬ್ಬ ಡಾಕ್ಟರ್ ಫೋನ್ ಮಾಡುತ್ತಾರೆ. ಆ ವಾರ ಗೊತ್ತಿಲ್ಲದ ನಂಬರ್ ಬಂದರೂ ಎತ್ತು.