ಓದುಗರ ಪ್ರಶ್ನೆ: ಸೇಂಟ್ ಮೇರೀಸ್ ದ್ವೀಪದ ಕಂಬಗಳು

ಪ್ರಶ್ನೆ: ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಬಂಡೆಗಳು ಯಾರೋ ಅಳತೆ ಹಿಡಿದು ಕಡೆದ ಹಾಗೆ ಆರು ಮೂಲೆಯವು ಯಾಕೆ? ದಖನ್ನಿನ ಲಾವಾ ಅಲ್ಲಿವರೆಗೂ ಹರಿದಿತ್ತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಲ್ಲ, ದಖನ್ನಿನ ಲಾವಾಕ್ಕೂ ಇದಕ್ಕೂ ಸಂಬಂಧವಿಲ್ಲ. ಅದರ ವಯಸ್ಸು ಸುಮಾರು 6.6 ಕೋಟಿ ವರ್ಷ, ಈ ದ್ವೀಪದ ಕಲ್ಲಿಗೆ ಸುಮಾರು 8.8 ಕೋಟಿ. ಮಡಗಾಸ್ಕರ್ ನಮ್ಮ ನೆಲದಿಂದ ಬಿಟ್ಟುಹೋದ ಕಾಲದ ಲಾವಾ ಇದು. ಅದೇ ವಯಸ್ಸಿನ ಜ್ವಾಲಾಮುಖಿ ಶಿಲೆ ಅಲ್ಲೂ ಇದೆ. ದ್ವೀಪದ ಕಲ್ಲನ್ನು ಬಸಾಲ್ಟ್ (ಸಿಲಿಕಾ ಕಡಿಮೆಯಿರುವ ಕಪ್ಪು ಲಾವಾ ಕಲ್ಲು) ಎಂದು ಕರೆಯುವುದು ರೂಢಿಯಾಗಿಬಿಟ್ಟಿದೆ. ಆದರೆ ಮರಳಿನ ಮುಖ್ಯ ಅಂಶವಾದ ಈ ಸಿಲಿಕಾ ಇದರಲ್ಲಿ ಹೆಚ್ಚಿರುವುದರಿಂದ ರಯೋಡೇಸೈಟ್ ಎನ್ನುವುದೇ ಸರಿ.

ಮೂಲೆಗಳಿಗೆ ಕಾರಣ ಕುಗ್ಗುವಿಕೆ. ಬೇಸಿಗೆಯಲ್ಲಿ ಒಣಗಿದ ಕೆರೆಯ ಕೆಸರು ಬಿರಿಯುತ್ತದಲ್ಲ, ಹೆಚ್ಚುಕಡಿಮೆ ಹಾಗೆಯೇ. ಲಾವಾದ ಮೇಲ್ಮೈ ಮೊದಲು ತಣಿದು ಕುಗ್ಗಿ ಬಿರಿಯುತ್ತದೆ. ಮೂರು ಬಿರುಕುಗಳು ಸುಮಾರು 120 ಡಿಗ್ರಿಯಲ್ಲಿ ಕೂಡಿದರೆ ಎಳೆತ ಎಲ್ಲ ಕಡೆಗೂ ಸಮನಾಗಿ ಇಳಿಯುತ್ತದೆ, ಹಾಗಾಗಿ ಷಟ್ಕೋನ. ತಣಿವು ಒಳಗಿಳಿದಂತೆ ಬಿರುಕೂ ಮೇಲ್ಮೈಗೆ ಲಂಬವಾಗಿ ಹಂತಹಂತವಾಗಿ ಕೆಳಗಿಳಿದು ಕಂಬವಾಗುತ್ತದೆ. ನಿಧಾನ ತಣಿದರೆ ದಪ್ಪ ಕಂಬ, ಬೇಗ ತಣಿದರೆ ಸಪೂರ. ಎಲ್ಲವೂ ಆರು ಮೂಲೆಯವಲ್ಲ: ಕಂಬದ ತಲೆ ಎಣಿಸಿ ನೋಡಿ, ಐದರದ್ದೂ ಏಳರದ್ದೂ ಸಿಗುತ್ತದೆ. ಕಂಬಕ್ಕೆ ಅಡ್ಡಲಾಗಿಯೂ ಸೀಳುಗಳಿವೆ. ಅಲೆ ಅಲ್ಲಿ ನುಗ್ಗಿ ಬಿಲ್ಲೆಗಳನ್ನು ಕಳಚುತ್ತದೆ, ಬುಡದಲ್ಲಿ ಬಿದ್ದ ತುಂಡುಗಳು ಅವೇ.

ಪ್ರಶ್ನೆ: ಮಕ್ಕಳ ಜೊತೆ ಹೋಗಲು ಯಾವ ಸಮಯ ಒಳ್ಳೆಯದು?
– ಓದುಗರೊಬ್ಬರು, ಹಾಸನ

ಉತ್ತರ: ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಮುದ್ರ ಶಾಂತ, ಬಿಸಿಲೂ ಸಹಿಸುವಷ್ಟು. ಉಡುಪಿಯಿಂದ ಮಲ್ಪೆಗೆ ಆರು ಕಿ.ಮೀ. ಅಷ್ಟೆ. ಶನಿವಾರ, ಭಾನುವಾರ ಸಾಲು ಉದ್ದ. ವಾರದ ದಿನ ಮೊದಲ ಬೋಟ್‌ಗೇ ಹೋಗಿ. ಆಗ ಓರೆ ಬಿಸಿಲಿಗೆ ಕಂಬಗಳ ಅಂಚು ನೆರಳಿನಿಂದ ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಎಲ್ಲ ಒಂದೇ ಕಪ್ಪು.

ಹೊರಡುವ ಮೊದಲು ಉಬ್ಬರ–ಇಳಿತದ ವೇಳಾಪಟ್ಟಿ ನೋಡಿ. ನೀರು ಇಳಿದಾಗ ದಡದ ಗಿಡ್ಡ ಕಂಬಗಳೂ ತೆರೆದುಕೊಳ್ಳುತ್ತವೆ. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ಕಳೆದ ವಾರ ಹೋಗಿಬಂದವರ ಮಾತು ನಂಬಬೇಡಿ.

ತೊಂದರೆಯಾಗುವುದು ಹೆಚ್ಚಾಗಿ ಪಾಚಿ ಹಿಡಿದ ಒದ್ದೆ ಕಂಬದ ಮೇಲೆ. ಸಪಾಟಾಗಿ ಕಂಡರೂ ಜಾರುತ್ತದೆ, ಬಿದ್ದರೆ ಚೂಪು ಅಂಚು ಚರ್ಮ ಸೀಳುತ್ತದೆ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್ ಹಾಕಿಸಿ. ಬಂಡೆ ನಡುವಿನ ನೀರಿಗೆ ಇಳಿಯಲೇಬಾರದು, ವಾಪಸಾಗುವ ಅಲೆ ಕಾಲೆಳೆಯುತ್ತದೆ. ರಾತ್ರಿ ತಂಗಲು ಅಲ್ಲಿ ವ್ಯವಸ್ಥೆಯಿಲ್ಲ, ಕೊನೆಯ ಬೋಟ್ ಎಷ್ಟು ಗಂಟೆಗೆಂದು ಇಳಿಯುವಾಗಲೇ ಕೇಳಿಟ್ಟುಕೊಳ್ಳಿ.