ಎದೆಗೆ ಸೂಜಿ ಮೊದಲು, ಮುರಿದ ಕಾಲು ಆಮೇಲೆ: ಯಾಕೆ?

ಸವಣೂರು ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ಬಂಕಾಪುರದ ಹತ್ತಿರ, ಗೋವಿನಜೋಳ ಹೇರಿಕೊಂಡು ಲೈಟಿಲ್ಲದೆ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರಿಗೆ ನನ್ನ ತಮ್ಮ ರಾತ್ರಿ ಬೈಕ್ ಗುದ್ದಿದ. ಬಲತೊಡೆಯ ಎಲುಬು ಚರ್ಮ ಹರಿದು ಹೊರಗೆ ಕಾಣುತ್ತಿತ್ತು. ನೀರು ಕುಡಿಸಿ, ಟಂಟಂನಲ್ಲಿ ಹಾಕಿಕೊಂಡು ತಾಲ್ಲೂಕು ಆಸ್ಪತ್ರೆಗೆ ಒಯ್ದೆವು. ಅಲ್ಲಿ ಕಾಲನ್ನು ಯಾರೂ ಸರಿಯಾಗಿ ನೋಡಲಿಲ್ಲ. ಮೈಮೇಲಿನ ಬಟ್ಟೆಯೆಲ್ಲ ಕತ್ತರಿಸಿದರು. ಎಕ್ಸ್‌ರೇ ಸಹ ತೆಗೆಯದೆ ಪಕ್ಕೆಗೆ ದಪ್ಪ ಸೂಜಿ ಚುಚ್ಚಿ, ಆಮೇಲೆ ನಳಿಗೆ ಹಾಕಿದರು. ಅಷ್ಟು ರಕ್ತ ಹೋಗಿದ್ದರೂ ಎರಡು ಬಾಟಲಿ ಸಲಾಯಿನ್‌ಗೇ ನಿಲ್ಲಿಸಿದರು. 40 ನಿಮಿಷ ಕಳೆದ ಮೇಲೆ ಹುಬ್ಬಳ್ಳಿಗೆ ಕಳಿಸಿದರು. ತಮ್ಮ ಉಳಿದ, ಈಗ ಕೋಲು ಹಿಡಿದು ನಡೆಯುತ್ತಾನೆ. ಆದರೂ ನೇರ ಹುಬ್ಬಳ್ಳಿಗೇ ಒಯ್ದಿದ್ದರೆ ಒಳ್ಳೆಯದಿತ್ತಲ್ಲವೇ? ರೆಫರ್ ಚೀಟಿಯ ಝೆರಾಕ್ಸ್ ಇಟ್ಟಿದ್ದೇನೆ."

ಸಂಪಾದಕರ ಉತ್ತರ

ಪ್ರಿಯ ಓದುಗರೇ,

ನಿಮ್ಮ ತಮ್ಮ ಉಳಿದು ಓಡಾಡುತ್ತಿದ್ದಾರೆ ಎಂದು ತಿಳಿದು ಸಮಾಧಾನವಾಯಿತು. ಚೀಟಿ ಇಟ್ಟು ಕಳಿಸಿದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇದೆ. ಅವಸರದ ಕೈಬರಹವಾದರೂ ಪ್ರತಿ ಸಾಲಿಗೂ ಹೊತ್ತು ಹಾಕಿದ್ದಾರೆ. ಮೊದಲ ಸಾಲುಗಳು ಇವು:

8.20: ಮಾತಾಡುತ್ತಾನೆ, ತಡವರಿಸುತ್ತಾನೆ. ಉಸಿರು ನಿಮಿಷಕ್ಕೆ 38, ಆಕ್ಸಿಜನ್ 82, ನಾಡಿ 136, ಬಿಪಿ 80/50. ಬಲ ಎದೆಯಲ್ಲಿ ಉಸಿರಿನ ಸದ್ದಿಲ್ಲ, ಬಡಿದರೆ ಟೊಳ್ಳು ಸದ್ದು.
8.22: ತೊಡೆಯ ಗಾಯಕ್ಕೆ ಒತ್ತಿ ಪಟ್ಟಿ.
8.24: ಬಲ ಪಕ್ಕೆಗೆ ಸೂಜಿ, ಗಾಳಿ ಹೊರಬಂತು.
8.26: ಆಕ್ಸಿಜನ್ 93, ನಾಡಿ 124, ಬಿಪಿ 98/60.

ನಿಮ್ಮ ಕಣ್ಣಿಗೆ ಕಾಲು ಕಂಡಿತು. ಎಲುಬು ಹೊರಗೆ ಬಂದಿರುವಾಗ ಯಾರ ಕಣ್ಣಿಗಾದರೂ ಅದೇ ಕಾಣುತ್ತದೆ. ಆದರೆ ಆ ಹೊತ್ತಿನಲ್ಲಿ ನಿಮ್ಮ ತಮ್ಮನ ಜೀವ ತೆಗೆಯುತ್ತಿದ್ದದ್ದು ಎದೆಯೊಳಗೆ ಸಿಕ್ಕಿಕೊಂಡ ಗಾಳಿ. ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿದಾಗ ಗಾಳಿ ಶ್ವಾಸಕೋಶದಿಂದ ಎದೆಗೂಡಿಗೆ ಸೋರುತ್ತದೆ. ಸೈಕಲ್ ಟ್ಯೂಬಿನ ವಾಲ್ವ್‌ನಂತೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಒಂದೊಂದು ಉಸಿರಿಗೂ ಒತ್ತಡ ಏರಿ ಆ ಬದಿಯ ಶ್ವಾಸಕೋಶ ಮುದುಡುತ್ತದೆ, ಹೃದಯ ಆಚೆ ಬದಿಗೆ ಸರಿಯುತ್ತದೆ, ಹೃದಯಕ್ಕೆ ಮರಳುವ ರಕ್ತ ನಿಲ್ಲುತ್ತ ಬರುತ್ತದೆ. ಇದು ನಿಮಿಷಗಳ ಲೆಕ್ಕದ ಸಾವು. ಎಕ್ಸ್‌ರೇಗೆ ಕಳಿಸಿ ಫಿಲ್ಮ್‌ಗೆ ಕಾಯುತ್ತ ಕೂತರೆ ಪೇಷಂಟ್ ಆ ಕೋಣೆಯಲ್ಲೇ ಹೋಗಿಬಿಡುತ್ತಾರೆ. ಆದ್ದರಿಂದ ಇದನ್ನು ಕಣ್ಣು, ಕಿವಿ, ಕೈಗಳಿಂದಲೇ ಗುರುತಿಸಬೇಕು. ಕತ್ತಿನ ನರ ಉಬ್ಬಬೇಕು, ಗಂಟಲ ನಾಳ ಸರಿಯಬೇಕು ಎಂದು ಪುಸ್ತಕದಲ್ಲಿರುತ್ತದೆ. ರಕ್ತವೂ ಹೋಗಿದ್ದರೆ ನರ ಉಬ್ಬುವುದೇ ಇಲ್ಲ, ನಾಳ ಸರಿಯುವುದು ಕಡೆಗೆ. ಅವೆರಡಕ್ಕೂ ಕಾಯದೆ ಸೂಜಿ ಹಾಕಿದ ಡ್ಯೂಟಿ ಡಾಕ್ಟರರ ತೀರ್ಮಾನವನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಸೂಜಿ ಚುಚ್ಚುವ ಜಾಗ ದೊಡ್ಡವರಲ್ಲಿ ನಾಲ್ಕನೆಯ ಅಥವಾ ಐದನೆಯ ಪಕ್ಕೆಲುಬಿನ ಸಂದು, ಕಂಕುಳ ನಡುಗೆರೆಗಿಂತ ತುಸು ಮುಂದೆ. ಕೆಳಗಿನ ಎಲುಬಿನ ಮೇಲಂಚಿಗೆ ತಾಗಿಸಿಯೇ ಚುಚ್ಚಬೇಕು; ಪ್ರತಿ ಎಲುಬಿನ ಕೆಳಅಂಚಿನಲ್ಲಿ ರಕ್ತನಾಳ ಹರಿಯುತ್ತದೆ. ಇಲ್ಲಿ ಹೆಚ್ಚಾಗಿ ಕೆಡುವುದು ಉದ್ದದ ವಿಷಯ. ಸಲಾಯಿನ್‌ಗೆ ಬಳಸುವ 5 ಸೆಂ.ಮೀ. ಕ್ಯಾನುಲಾ (ಸೂಜಿಯ ಮೇಲೆ ಪ್ಲಾಸ್ಟಿಕ್ ನಳಿಗೆ ಇರುವಂಥದ್ದು) ದಪ್ಪ ಮೈಯವರಲ್ಲಿ ಎದೆಗೂಡಿನ ತನಕ ಮುಟ್ಟುವುದೇ ಇಲ್ಲ, 8 ಸೆಂ.ಮೀ. ಇದ್ದರೆ ಬಹುತೇಕ ಎಲ್ಲರಲ್ಲೂ ಮುಟ್ಟುತ್ತದೆ. ಮುಟ್ಟಿದ ಮೇಲೂ ಪ್ಲಾಸ್ಟಿಕ್ ನಳಿಗೆ ಮಡಚಿಕೊಂಡು ಮುಚ್ಚಿಹೋಗಬಹುದು. ಸೂಜಿ ದಕ್ಕಿಸಿಕೊಡುವುದು ಕೆಲವು ನಿಮಿಷ ಮಾತ್ರ. ಅದಕ್ಕೇ 8.38ಕ್ಕೆ ಅದೇ ಬದಿಗೆ 28ರ ಅಳತೆಯ ನಳಿಗೆ ಹಾಕಿ ನೀರಿನ ಬಾಟಲಿಗೆ ಜೋಡಿಸಿದ್ದಾರೆ. ಈ ಎರಡು ಕೆಲಸ ಆಗದೆ ಮುಕ್ಕಾಲು ಗಂಟೆಯ ದಾರಿ ಹಿಡಿದಿದ್ದರೆ ನಿಮ್ಮ ತಮ್ಮ ಹುಬ್ಬಳ್ಳಿ ಮುಟ್ಟುವುದು ಬಹಳ ಕಷ್ಟವಿತ್ತು.

ಏನು ಬೇಗ ಕೊಲ್ಲುತ್ತದೋ ಅದಕ್ಕೆ ಮೊದಲ ಕೈ: ಗಾಯದ ಪೇಷಂಟ್ ಮುಂದೆ ನಿಂತವರಿಗೆ ಇರುವ ಕ್ರಮ ಇದೊಂದೇ. ಚಿಮ್ಮುವ ರಕ್ತ ಎಲ್ಲಕ್ಕೂ ಮೊದಲು, ಆಮೇಲೆ ಕತ್ತು ಅಲುಗದಂತೆ ಹಿಡಿದು ಗಂಟಲಿನ ದಾರಿ, ಆಮೇಲೆ ಉಸಿರು, ರಕ್ತ ಸಂಚಾರ, ಮೆದುಳು, ಕೊನೆಗೆ ಮೈ ಪೂರ್ತಿ ತೆರೆದು ನೋಡುವುದು. ಒಂದು ಹಂತದ ದೋಷ ಸರಿಪಡಿಸದೆ ಮುಂದಿನದಕ್ಕೆ ಹೋಗುವಂತಿಲ್ಲ; ಸ್ಥಿತಿ ಕೆಟ್ಟರೆ ಮತ್ತೆ ಮೊದಲಿಂದ. ಈ ಪದ್ಧತಿ ಹುಟ್ಟಿದ್ದು ಸಣ್ಣ ಊರಿನ ಆಸ್ಪತ್ರೆಗಳಿಗಾಗಿಯೇ ಎಂಬುದನ್ನು ನಮ್ಮ ಜಿಲ್ಲೆಗಳವರು ತಿಳಿದಿರಬೇಕು. 1976ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಜೇಮ್ಸ್ ಸ್ಟೈನರ್ ಎಂಬ ಎಲುಬಿನ ವೈದ್ಯರು ನಡೆಸುತ್ತಿದ್ದ ಪುಟ್ಟ ವಿಮಾನ ಹೊಲಕ್ಕೆ ಬಿತ್ತು. ಹೆಂಡತಿ ತೀರಿಕೊಂಡರು, ಮಕ್ಕಳಿಗೆ ಜೋರು ಪೆಟ್ಟಾಯಿತು. ಹತ್ತಿರದ ಆಸ್ಪತ್ರೆಯಲ್ಲಿ ಇಂಥ ಗಾಯಾಳುಗಳನ್ನು ನೋಡುವ ಕ್ರಮವೇ ಇರಲಿಲ್ಲ. ಆ ಅನುಭವದಿಂದ 1978ರಲ್ಲಿ ಮೊದಲ ತರಬೇತಿ ನಡೆಯಿತು, 1980ರಲ್ಲಿ ಅಮೆರಿಕದ ಸರ್ಜನ್‌ಗಳ ಕಾಲೇಜು ಅದನ್ನು ತನ್ನದಾಗಿಸಿಕೊಂಡಿತು. ಇಂದು ಜಗತ್ತಿನ ಬಹುಪಾಲು ಎಮರ್ಜೆನ್ಸಿ ವಿಭಾಗಗಳು ನಡೆಯುವುದು ಈ ಕ್ರಮದಲ್ಲೇ.

ಇನ್ನು ಸಲಾಯಿನ್. ಈ ವಿಷಯದಲ್ಲಿ ನಮ್ಮ ಭಾಗದ ನಂಬಿಕೆ ಬಹಳ ಗಟ್ಟಿ: ಬಾಟಲಿ ಎಷ್ಟು ಏರಿದರೆ ಅಷ್ಟು ಒಳ್ಳೆಯದು. ರಕ್ತ ಸುರಿಯುತ್ತಿರುವ ಪೇಷಂಟಿಗೆ ಇದು ಉಲ್ಟಾ. 70 ಕಿಲೋ ತೂಕದವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಸುಮಾರು ಒಂದೂವರೆ ಲೀಟರ್ ಹೋಗುವ ತನಕ ಪ್ರಾಯದವರ ಬಿಪಿ ಬಿದ್ದದ್ದು ಕಾಣದಿರಬಹುದು; ನಾಡಿ ಮಾತ್ರ ಓಡುತ್ತಿರುತ್ತದೆ. ಬಿಪಿ 110 ಇದೆ ಎಂದು ನಿಶ್ಚಿಂತೆಯಾಗಿ ಮೂಲೆಯ ಹಾಸಿಗೆಗೆ ಹಾಕಿದ ಪೇಷಂಟ್ ಅರ್ಧ ಗಂಟೆಗೆ ಕುಸಿಯುವುದು ಹೀಗೆ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ ನೋಡಿ: ಆರೋಗ್ಯವಂತರಲ್ಲಿ 0.5ರಿಂದ 0.7 ಬರುತ್ತದೆ, 1 ದಾಟಿದರೆ ರಕ್ತ ಎಲ್ಲೋ ಹೋಗುತ್ತಿದೆ ಎಂದೇ ಹಿಡಿಯಬೇಕು. ಎದೆಯ ಗಾಳಿ ತೆಗೆದ ಮೇಲೂ ನಿಮ್ಮ ತಮ್ಮನದು 124ಕ್ಕೆ 98, ಅಂದರೆ 1.27. ಗಾಳಿಯ ಹಿಂದೆ ರಕ್ತಸ್ರಾವವೂ ಇತ್ತು. ಮುರಿದ ತೊಡೆಯೊಂದೇ ಒಂದೂವರೆ ಲೀಟರ್ ರಕ್ತ ನುಂಗಬಲ್ಲದು.

ಒಡೆದ ನಾಳದ ಬಾಯಿಗೆ ಮೈ ತಾನಾಗಿ ಹೆಪ್ಪು ಕಟ್ಟಿಕೊಂಡಿರುತ್ತದೆ. ಬಾಟಲಿ ಮೇಲೆ ಬಾಟಲಿ ಸಲಾಯಿನ್ ಏರಿಸಿದರೆ ಒತ್ತಡ ಏರಿ ಆ ಹೆಪ್ಪು ಕಿತ್ತುಹೋಗುತ್ತದೆ, ಇರುವ ರಕ್ತ ತೆಳುವಾಗಿ ಹೊಸ ಹೆಪ್ಪು ಕಟ್ಟುವ ಶಕ್ತಿ ಕುಂದುತ್ತದೆ, ಮೈ ತಣ್ಣಗಾಗುತ್ತದೆ. ಸಲಾಯಿನ್ ಆಕ್ಸಿಜನ್ ಹೊರುವುದಿಲ್ಲ. ಅದಕ್ಕೇ ದೊಡ್ಡವರಿಗೆ ಬೆಚ್ಚಗಿನದು ಸುಮಾರು 1 ಲೀಟರ್, ಅಂದರೆ ನೀವು ಎಣಿಸಿದ ಅರ್ಧ ಲೀಟರಿನ ಎರಡು ಬಾಟಲಿ. ಅದಕ್ಕೂ ಬಗ್ಗದಿದ್ದರೆ ಬೇಕಾದದ್ದು ರಕ್ತ, ಮತ್ತು ರಕ್ತ ಸೋರುವ ಜಾಗ ಮುಚ್ಚುವ ಸರ್ಜನ್. ತಲೆಗೆ ಪೆಟ್ಟಿಲ್ಲದವರಲ್ಲಿ ಮೇಲಿನ ಬಿಪಿ 80–90ರ ಸುತ್ತ ನಿಂತು, ಮಣಿಕಟ್ಟಿನ ನಾಡಿ ಸಿಗುತ್ತಿದ್ದರೆ ಆಪರೇಷನ್ ಟೇಬಲ್ ಮುಟ್ಟುವ ತನಕ ಅಷ್ಟು ಸಾಕು.

ಚೀಟಿಯಲ್ಲಿ ನೀವು ಗಮನಿಸದ ಒಂದು ಸಾಲಿದೆ: "8.31: ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ". ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಔಷಧ ಇದು. 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು, ಇದು ಜೀವ ಉಳಿಸುತ್ತದೆ ಎಂದು ತೋರಿಸಿತು. 1 ಗ್ರಾಂ ಹತ್ತು ನಿಮಿಷದಲ್ಲಿ, ಮತ್ತೊಂದು 1 ಗ್ರಾಂ ಎಂಟು ತಾಸಿನಲ್ಲಿ. ಪೆಟ್ಟಾಗಿ 3 ತಾಸಿನೊಳಗೆ ಕೊಟ್ಟರೆ ಲಾಭ, ಎಷ್ಟು ಬೇಗವೋ ಅಷ್ಟು ಹೆಚ್ಚು. 3 ತಾಸು ದಾಟಿದರೆ ಕೇಡೂ ಆಗಬಹುದು. "ಹುಬ್ಬಳ್ಳಿಯಲ್ಲಿ ಕೊಡುತ್ತಾರೆ ಬಿಡು" ಎಂದು ತಾಲ್ಲೂಕಿನಲ್ಲಿ ಬಿಟ್ಟರೆ ಆ ಹೊತ್ತು ದಾರಿಯಲ್ಲೇ ಕರಗುತ್ತದೆ. ಕ್ಯಾನುಲಾದ ಬಣ್ಣವನ್ನೂ ಬರೆದಿದ್ದಾರೆ: ಎರಡೂ ಕೈಗೆ ಹಸಿರು. ವಾರ್ಡಿನಲ್ಲಿ ಸಾಮಾನ್ಯವಾಗಿ ಹಾಕುವ ಗುಲಾಬಿ ಬಣ್ಣದ್ದರಲ್ಲಿ ನಿಮಿಷಕ್ಕೆ ಸುಮಾರು 60 ಮಿ.ಲೀ. ಹರಿದರೆ ಹಸಿರಿನಲ್ಲಿ 90ರ ಮೇಲೆ, ಬೂದು ಬಣ್ಣದ್ದರಲ್ಲಿ ಅದರ ಸುಮಾರು ಎರಡರಷ್ಟು. ರಕ್ತ ಏರಿಸುವ ಹೊತ್ತಿಗೆ ಈ ವ್ಯತ್ಯಾಸವೇ ದೊಡ್ಡದು.

ಬಟ್ಟೆ ಕತ್ತರಿಸಿದ್ದಕ್ಕೆ ಬೇಸರ ಬೇಡ. ಪ್ಯಾಂಟು ಎಳೆದು ಬಿಚ್ಚಿದರೆ ಮುರಿದ ತೊಡೆ, ಸೊಂಟ, ಬೆನ್ನೆಲುಬು ಎಲ್ಲ ಅಲುಗುತ್ತವೆ. ಬೆನ್ನ ಕಡೆಯ ಗಾಯ ಬಟ್ಟೆಯಡಿ ಉಳಿದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ನೋಡಿದ ಕೂಡಲೇ ಕಂಬಳಿ ಹೊದಿಸಬೇಕು, ಇದು ಎಷ್ಟೋ ಕಡೆ ತಪ್ಪುತ್ತದೆ. ಮೈ 35 ಡಿಗ್ರಿಗಿಂತ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದೇ ಕಷ್ಟ. ಫ್ಯಾನಿನಡಿ ಬೆತ್ತಲೆ ಮಲಗಿಸಿದ ಪೇಷಂಟ್ ನಮ್ಮ ಬಿಸಿಲು ಸೀಮೆಯಲ್ಲೂ ತಣ್ಣಗಾಗುತ್ತಾರೆ.

ಕಾಲನ್ನು ಮರೆತಿರಲಿಲ್ಲ. 8.22ಕ್ಕೆ ಒತ್ತಿ ಕಟ್ಟಿದ್ದಾರೆ, 8.33ಕ್ಕೆ ಆ್ಯಂಟಿಬಯೋಟಿಕ್ ಮತ್ತು ಧನುರ್ವಾಯುವಿನ ಚುಚ್ಚುಮದ್ದು, 8.42ಕ್ಕೆ ಕಾಲನ್ನು ಮೆಲ್ಲಗೆ ಎಳೆದು ನೇರ ಮಾಡಿ ಸ್ಪ್ಲಿಂಟ್ (ಅಲುಗದಂತೆ ಕಟ್ಟುವ ಆಸರೆ). ಎಳೆಯುವ ಮೊದಲೂ ಆಮೇಲೂ ಪಾದದ ನಾಡಿ ನೋಡಿ ಬರೆದಿದ್ದಾರೆ. ಎಲುಬು ಹೊರಬಂದ ಗಾಯಕ್ಕೆ ತಾಲ್ಲೂಕಿನಲ್ಲಿ ಆಗಬೇಕಾದದ್ದು ಇಷ್ಟೇ. ಹೊಟ್ಟೆಗೆ ಸ್ಕ್ಯಾನಿಂಗ್ ಹಿಡಿದು ಒಳಗೆ ರಕ್ತ ಇಲ್ಲವೆಂದೂ ನೋಡಿದ್ದಾರೆ. ಸೊಂಟದ ಎಲುಬು ಮುರಿದಿದ್ದರೆ ಮಡಚಿದ ಬೆಡ್‌ಶೀಟನ್ನು ತೊಡೆಯ ಬುಡದ ಗುಬ್ಬೆಲುಬಿನ ಮಟ್ಟಕ್ಕೆ ಬಿಗಿಯುತ್ತಿದ್ದರು. ಬೆಲ್ಟ್ ಕಟ್ಟುವ ನಡುವಿನ ಮಟ್ಟಕ್ಕೆ ಬಿಗಿದರೆ ಉಪಯೋಗವಿಲ್ಲ, ಮುರಿತ ಇನ್ನಷ್ಟು ತೆರೆದುಕೊಳ್ಳಬಹುದು.

ನಿಮ್ಮ ತಮ್ಮ ಹೆಲ್ಮೆಟ್ ಹಾಕಿದ್ದರು, ಎಚ್ಚರವೂ ಇತ್ತು. ತಲೆಗೆ ಜೋರು ಪೆಟ್ಟಾಗಿದ್ದರೆ ಲೆಕ್ಕ ಬದಲಾಗುತ್ತಿತ್ತು: ಮೇಲಿನ ಬಿಪಿ 110ರ ಮೇಲೇ ಇರಬೇಕು, ಆಕ್ಸಿಜನ್ ಒಮ್ಮೆಯೂ ಬೀಳಬಾರದು. ತಲೆಪೆಟ್ಟಿನವರಿಗೆಲ್ಲ ಮೆದುಳಿನ ಊತ ಇಳಿಸುವ ಮ್ಯಾನಿಟಾಲ್ ಹಾಕಿ ಕಳಿಸುವ ರೂಢಿ ಹಲವು ಕಡೆ ಇದೆ. ರಕ್ತ ಕಳೆದುಕೊಂಡವರಿಗೆ ಅದು ಮೂತ್ರ ಹರಿಸಿ ಬಿಪಿಯನ್ನು ಇನ್ನೂ ಕೆಡವುತ್ತದೆ. ಅದು ನಿಲ್ಲಬೇಕು.

ಈಗ ನಿಮ್ಮ ದೂರು ಸರಿಯಿರುವ ಜಾಗ. ಆಂಬುಲೆನ್ಸ್‌ಗೆ ಫೋನ್ ಮಾಡಿದ್ದು 8.48ಕ್ಕೆ, ಹುಬ್ಬಳ್ಳಿಗೆ ತಿಳಿಸಿದ್ದು 8.50ಕ್ಕೆ, ಹೊರಟದ್ದು 9.02ಕ್ಕೆ. ಆದರೆ ಇಲ್ಲಿ ಸರ್ಜನ್ ಇಲ್ಲ, ಈ ಪೇಷಂಟ್ ಇಲ್ಲಿ ಉಳಿಯುವವರಲ್ಲ ಎಂಬುದು 8.26ಕ್ಕೇ ಗೊತ್ತಾಗಿತ್ತು. ಆಗಲೇ ಒಬ್ಬರು ಫೋನ್ ಹಿಡಿದಿದ್ದರೆ ನಳಿಗೆ ಮತ್ತು ಸ್ಪ್ಲಿಂಟ್ ಮುಗಿಯುವ ಹೊತ್ತಿಗೆ ಗಾಡಿ ಬಾಗಿಲಲ್ಲಿರುತ್ತಿತ್ತು. 40 ನಿಮಿಷದಲ್ಲಿ ಹದಿನೈದಕ್ಕೂ ಹೆಚ್ಚು ನಿಮಿಷ ಹೋದದ್ದು ಇಲ್ಲಿ. ಚಿಕಿತ್ಸೆ ಮುಗಿಸಿ ಆಮೇಲೆ ರೆಫರ್ ಎಂಬ ಅಭ್ಯಾಸ ಬದಲಾಗಲೇಬೇಕು. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿ-ಆರ್‌ಐ) ಇರಲಿ, ಗದಗಿನ ಜಿಮ್ಸ್ ಇರಲಿ, ಹಾವೇರಿ ಜಿಲ್ಲಾಸ್ಪತ್ರೆ ಇರಲಿ, ಮುಂಚೆ ಫೋನ್ ಹೋದರೆ ಅಲ್ಲಿ ರಕ್ತ ಮತ್ತು ಥಿಯೇಟರ್ ಸಿದ್ಧ ಮಾಡಿಕೊಳ್ಳಲು ಅವಕಾಶ ಸಿಗುತ್ತದೆ. ಹೇಗೆ ಪೆಟ್ಟಾಯಿತು, ಏನೇನು ಗಾಯ, ನಾಡಿ ಮತ್ತು ಬಿಪಿ ಎಷ್ಟು, ಏನು ಕೊಟ್ಟಿದೆ: ನಾಲ್ಕು ಮಾತು ಸಾಕು.

ಆಂಬುಲೆನ್ಸ್‌ನಲ್ಲಿ ಜೊತೆಗೆ ಹೋಗುವ ನೆಂಟರೂ ಒಂದು ಸಂಗತಿ ನೋಡಿಕೊಳ್ಳಬಹುದು. ಎದೆಯ ನಳಿಗೆಯ ಬಾಟಲಿ ಯಾವಾಗಲೂ ಎದೆಗಿಂತ ಕೆಳಗೆ, ನೆಟ್ಟಗೆ ಇರಬೇಕು. ಉಸಿರಾಡಿದಂತೆ ನಳಿಗೆಯಲ್ಲಿನ ನೀರು ಏರಿಳಿಯಬೇಕು. ಬಾಟಲಿ ಉರುಳೀತೆಂದು ನಳಿಗೆಗೆ ಕ್ಲ್ಯಾಂಪ್ ಹಾಕಿ ಕಳಿಸುವುದುಂಟು; ಗಾಳಿ ಇನ್ನೂ ಸೋರುತ್ತಿರುವ ಎದೆಗೆ ಕ್ಲ್ಯಾಂಪ್ ಹಾಕಿದರೆ 8.20ರ ಸ್ಥಿತಿಯೇ ದಾರಿಯಲ್ಲಿ ಮರಳಿ ಬರುತ್ತದೆ.

ರಸ್ತೆಯಲ್ಲಿ ನೀವು ಮಾಡಿದ್ದರ ಬಗ್ಗೆಯೂ ಹೇಳಬೇಕು, ನೋವಾಗಬಾರದು. ನೀರು ಕುಡಿಸಬಾರದಿತ್ತು. ಎಚ್ಚರ ತಪ್ಪುತ್ತಿರುವವರಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಅರಿವಳಿಕೆ ಕೊಡುವಾಗ ವಾಂತಿಯಾಗಿ ಮತ್ತೆ ಅಪಾಯ. ತುಟಿ ಒದ್ದೆ ಮಾಡಿದರೆ ಸಾಕು. 108ಕ್ಕೆ ಫೋನ್ ಮಾಡಿ, ಗಾಡಿ ಬರುವ ತನಕ ರಕ್ತ ಬರುವ ಜಾಗಕ್ಕೆ ಮಡಚಿದ ಬಟ್ಟೆ ಇಟ್ಟು ಅಂಗೈಯಿಂದ ಮೈಭಾರ ಹಾಕಿ ಒತ್ತಿ. ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬೇಡಿ. ಹೊರಬಂದ ಎಲುಬನ್ನು ಒಳಗೆ ತಳ್ಳಬೇಡಿ, ಅರಿಶಿನ, ಕಾಫಿಪುಡಿ ತುಂಬಬೇಡಿ. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ ಗಾಯದಿಂದ ನಾಲ್ಕು ಬೆರಳು ಮೇಲೆ, ಕೀಲು ಬಿಟ್ಟು, ಅಗಲವಾಗಿ ಮಡಚಿದ ಟವೆಲ್ ಕಟ್ಟಿ ಕೋಲು ಸಿಕ್ಕಿಸಿ ರಕ್ತ ನಿಲ್ಲುವ ತನಕ ತಿರುವಿ, ಕಟ್ಟಿದ ಹೊತ್ತು ಬರೆದಿಡಿ. ವೈರು, ಸಣ್ಣ ಹಗ್ಗ ಬೇಡ, ಮಾಂಸ ಕೊಯ್ಯುತ್ತವೆ. ಎತ್ತುವಾಗ ನಾಲ್ವರು ಬೇಕು: ಒಬ್ಬರು ತಲೆ ಮತ್ತು ಕತ್ತನ್ನೇ ಹಿಡಿದು ಎಣಿಸಬೇಕು, ಉಳಿದವರು ಆ ಎಣಿಕೆಗೆ ಮೈಯನ್ನು ಒಂದೇ ಸಮ ಎತ್ತಬೇಕು. ಟಂಟಂನ ಸೀಟಿನಲ್ಲಿ ಮಡಚಿ ಕೂರಿಸುವುದಕ್ಕಿಂತ ಹಲಗೆ ಹಾಸಿದ ಗೂಡ್ಸ್ ಗಾಡಿ ಮೇಲು.

ಪೊಲೀಸ್ ಕಿರಿಕಿರಿಗೆ ಹೆದರಿ ಮೊದಲು ಯಾರೂ ಮುಟ್ಟಲಿಲ್ಲ ಎಂದೂ ಬರೆದಿದ್ದೀರಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮಿನ ಪ್ರಕಾರ, ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು, ವಿಳಾಸ ಹೇಳಬೇಕೆಂದು ಒತ್ತಾಯಿಸುವಂತಿಲ್ಲ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸಿನ) ಕಾಗದ ಆಗಲಿಲ್ಲವೆಂದು ಆಸ್ಪತ್ರೆ ಚಿಕಿತ್ಸೆ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯೂ ಜಾರಿಯಲ್ಲಿದೆ: ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳ ತನಕ, 1.5 ಲಕ್ಷ ರೂಪಾಯಿವರೆಗೆ. ದಾಖಲಾಗುವಾಗಲೇ ಕೌಂಟರಿನಲ್ಲಿ ಈ ಯೋಜನೆಯ ಹೆಸರು ಹೇಳಿ ಕೇಳಿ, ಅಪಘಾತದ ಸುದ್ದಿ ಪೊಲೀಸರಿಗೆ ಮುಟ್ಟಿದೆಯೇ ಎಂದೂ ಖಚಿತ ಮಾಡಿಕೊಳ್ಳಿ.