ನಕ್ಷತ್ರ ಯಾಕೆ ದುಂಡಗಾಯಿತು?

ಈ ಸಲ ಬಂದ ಪ್ರಶ್ನೆಗಳೆಲ್ಲ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಮನೆಯಲ್ಲೇ ಕುಕೀಸ್, ಕೇಕು ಮಾಡಿ ಅಲಂಕರಿಸುವ ಬಗ್ಗೆಯೇ ಇವೆ. ತುಂಬಾ ಜನ "ನನ್ನ ಕೈಯಲ್ಲಿ ಕಲೆ ಇಲ್ಲ" ಎಂದು ಬೇಜಾರು ಮಾಡಿಕೊಂಡು ಬರೆದಿದ್ದಾರೆ. ನಿಮ್ಮ ಪತ್ರಗಳನ್ನು ಒಂದೊಂದಾಗಿ ಓದಿದೆ. ಎಲ್ಲೂ ಕೈಯ ತಪ್ಪು ಕಾಣಿಸಲಿಲ್ಲ, ಅವಸರ ಕಾಣಿಸಿತು. ಹಿಟ್ಟು ತಣ್ಣಗಾಗುವ ಮೊದಲೇ ಓವನ್ನಿಗೆ ಹೋಗಿದೆ, ಒಂದು ಬಣ್ಣ ಒಣಗುವ ಮೊದಲೇ ಪಕ್ಕದಲ್ಲಿ ಇನ್ನೊಂದು ಬಿದ್ದಿದೆ.

ನಕ್ಷತ್ರದ ಅಚ್ಚಿನಲ್ಲಿ ಚೆನ್ನಾಗಿಯೇ ಕತ್ತರಿಸುತ್ತೇನೆ. ಓವನ್ನಿನಿಂದ ತೆಗೆದಾಗ ಮೂಲೆಗಳೆಲ್ಲ ಹೋಗಿ ದುಂಡಗೆ ಹರಡಿರುತ್ತವೆ. ಮೂರು ಸಲ ಹೀಗೇ ಆಯಿತು. ಎಲ್ಲಿ ತಪ್ಪುತ್ತಿದ್ದೇನೆ?

ಬೆಣ್ಣೆ ಮೆತ್ತಗಿದ್ದಾಗಲೇ ಟ್ರೇ ಓವನ್ನಿಗೆ ಹೋಗುತ್ತಿದೆ. ಒಳಗೆ ಹೋದ ಕುಕಿಯಲ್ಲಿ ಮೊದಲು ಬೆಣ್ಣೆ ಕರಗುತ್ತದೆ, ಆಮೇಲೆ ಮೈದಾ ಮತ್ತು ಮೊಟ್ಟೆ ಗಟ್ಟಿಯಾಗುತ್ತವೆ. ಈ ಎರಡರ ನಡುವಿನ ಹೊತ್ತಿನಲ್ಲೇ ಆಕಾರ ಕೆಡುವುದು. ಬೆಣ್ಣೆ ತಣ್ಣಗಿದ್ದಷ್ಟೂ ಕರಗುವುದು ತಡವಾಗುತ್ತದೆ, ಅಷ್ಟರಲ್ಲಿ ಅಂಚು ಗಟ್ಟಿಯಾಗಿರುತ್ತದೆ.

ಹಾಗಾಗಿ ಹಿಟ್ಟು ಕಲಸಿದ ತಕ್ಷಣ ಎರಡು ಬಟರ್ ಪೇಪರ್ ನಡುವೆ ಇಟ್ಟು ಲಟ್ಟಿಸಿ, ಸುಮಾರು 6 ಮಿಲಿಮೀಟರ್ ದಪ್ಪ ಇರಲಿ. ಹಾಗೇ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಗಟ್ಟಿ ಉಂಡೆಯನ್ನು ಫ್ರಿಜ್ಜಿನಿಂದ ತೆಗೆದು ಲಟ್ಟಿಸಲು ಒದ್ದಾಡುವುದಕ್ಕಿಂತ ಇದು ಎಷ್ಟೋ ಸುಲಭ. ಆಮೇಲೆ ಕತ್ತರಿಸಿ, ಟ್ರೇ ಸಮೇತ ಮತ್ತೆ 20 ನಿಮಿಷ ಫ್ರಿಜ್ಜಿನಲ್ಲಿಟ್ಟು ನೇರವಾಗಿ ಬಿಸಿ ಓವನ್ನಿಗೆ ಇಡಿ. ಎರಡನೇ ಸರದಿಗೆ ಬಿಸಿ ಟ್ರೇ ಬಳಸಲೇಬೇಡಿ. ನೀವು ಇಟ್ಟ ಕ್ಷಣವೇ ಕೆಳಗಿನಿಂದ ಬೆಣ್ಣೆ ಕರಗಲು ಶುರುವಾಗುತ್ತದೆ.

ಇನ್ನು ಅಳತೆ. ನೀವು ಕಪ್ಪಿನಲ್ಲಿ ಅಳೆಯುತ್ತೀರಿ ಅಂತ ಬರೆದಿದ್ದೀರಿ, ಅಲ್ಲೂ ಒಂದು ತೊಂದರೆ ಇದೆ. ಕಪ್ಪನ್ನು ಡಬ್ಬಿಗೆ ಅದ್ದಿ ತೆಗೆದರೆ ಮೈದಾ 150 ಗ್ರಾಂವರೆಗೂ ಬರಬಹುದು, ಚಮಚದಿಂದ ಹಗುರವಾಗಿ ತುಂಬಿದರೆ 120 ರ ಹತ್ತಿರ ನಿಲ್ಲುತ್ತದೆ. ಮೂರು ಕಪ್ಪಿಗೆ ಎಷ್ಟು ವ್ಯತ್ಯಾಸ ಆಗುತ್ತೆ ನೋಡಿ! ಒಂದು ಚಿಕ್ಕ ತೂಕದ ಯಂತ್ರ ಇಟ್ಟುಕೊಳ್ಳಿ. ನಾನು ಮಾಡುವ ಅಳತೆ ಹೀಗಿದೆ: ಬೆಣ್ಣೆ 225 ಗ್ರಾಂ, ಸಕ್ಕರೆ 200 ಗ್ರಾಂ, ಒಂದು ಮೊಟ್ಟೆ, ಮೈದಾ 380 ಗ್ರಾಂ, ಎರಡು ಟೀ ಚಮಚ ವೆನಿಲಾ, ಅರ್ಧ ಟೀ ಚಮಚ ಉಪ್ಪು. ಬೇಕಿಂಗ್ ಪೌಡರ್ ಹಾಕುವುದೇ ಇಲ್ಲ, ಯಾಕೆಂದರೆ ಅಚ್ಚಿನ ಕುಕಿಗೆ ಉಬ್ಬುವ ಕೆಲಸವೇ ಇಲ್ಲ. ಬೆಣ್ಣೆ ಸಕ್ಕರೆಯನ್ನು ಬೆರೆಯುವಷ್ಟು ಮಾತ್ರ ತಿರುವಿ. ಕೇಕಿನ ಹಾಗೆ ನೊರೆ ಬರುವವರೆಗೂ ತಿರುವಿದರೆ ಒಳಗೆ ಗಾಳಿ ಸೇರಿ ಉಬ್ಬಿ ಹರಡುತ್ತದೆ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ರಿಂದ 12 ನಿಮಿಷ ಸಾಕು. ಅಂಚು ಸ್ವಲ್ಪ ಬಣ್ಣ ತಿರುಗಿದರೆ ತೆಗೆದುಬಿಡಿ.

ಬಿಳಿ ಐಸಿಂಗ್ ಮೇಲೆ ಕೆಂಪು ಹೃದಯ ಬರೆದಿದ್ದೆ. ರಾತ್ರಿ ನೋಡಿದಾಗ ಚೆನ್ನಾಗಿತ್ತು, ಬೆಳಿಗ್ಗೆ ಎದ್ದು ನೋಡಿದರೆ ಸುತ್ತಲೂ ಗುಲಾಬಿ ಬಣ್ಣ ಹರಡಿಕೊಂಡಿತ್ತು. ಅಷ್ಟೂ ಕುಕೀಸ್ ಹಾಳಾದವು.

ನಿಮ್ಮ ಪತ್ರ ಓದಿ ತುಂಬಾ ಸಂಕಟವಾಯಿತು, ಯಾಕೆಂದರೆ ಇದೇ ಅನುಭವ ನನಗೂ ಆಗಿದೆ. ಮೊದಲ ಸಲ ನಲವತ್ತು ಕುಕೀಸ್ ಮೇಲೆ ಕೆಂಪು ಗೆರೆ ಎಳೆದು, ಒದ್ದೆ ಇರುವಾಗಲೇ ಮುಚ್ಚಳದ ಡಬ್ಬಿಗೆ ಹಾಕಿಟ್ಟಿದ್ದೆ. ಬೆಳಿಗ್ಗೆ ಒಂದೂ ಉಳಿದಿರಲಿಲ್ಲ.

ನೀರು ಒದ್ದೆ ಜಾಗದಿಂದ ಒಣ ಜಾಗಕ್ಕೆ ಹೋಗುತ್ತದೆ, ಹೋಗುವಾಗ ಬಣ್ಣವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಇದನ್ನು ತಡೆಯಲು ಮೊದಲು ಬಿಳಿ ಪದರ ಪೂರ್ತಿ ಒಣಗಬೇಕು. ಪೂರ್ತಿ ಅಂದರೆ ಮೇಲೆ ಮುಟ್ಟಿದರೆ ಅಂಟುವುದಿಲ್ಲ ಅನ್ನುವಷ್ಟೇ ಅಲ್ಲ, ಒಳಗೂ ಒಣಗಿರಬೇಕು. ಅದಕ್ಕೆ ಎಂಟು ಗಂಟೆಯಾದರೂ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಫ್ಯಾನಿನ ಕೆಳಗೆ, ಮುಚ್ಚದೆ ಇಡಿ. ಫ್ಯಾನ್ ಗಾಳಿಯಿಂದ ಇನ್ನೊಂದು ಲಾಭ ಇದೆ: ಮೇಲ್ಮೈ ಬೇಗ ಗಟ್ಟಿಯಾಗಿ ಹೊಳಪು ಉಳಿಯುತ್ತದೆ.

ಐಸಿಂಗ್ ಎಷ್ಟು ತೆಳು ಇದೆ ಅನ್ನುವುದೂ ಮುಖ್ಯ. 450 ಗ್ರಾಂ ಜರಡಿ ಹಿಡಿದ ಸಕ್ಕರೆ ಪುಡಿಗೆ ಮೂರು ದೊಡ್ಡ ಚಮಚ ಮೆರಿಂಗ್ ಪೌಡರ್ (ಮೊಟ್ಟೆಯ ಬಿಳಿಯನ್ನು ಒಣಗಿಸಿ ಮಾಡಿದ ಪುಡಿ), ಐದಾರು ದೊಡ್ಡ ಚಮಚ ನೀರು ಹಾಕಿ ಗಟ್ಟಿಯಾಗುವವರೆಗೆ ತಿರುವಿ. ಹಸಿ ಮೊಟ್ಟೆಯ ಬಿಳಿಯಿಂದಲೂ ಮಾಡುತ್ತಾರೆ, ಆದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಇರುವುದರಿಂದ ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡುವ ಕುಕೀಸಿಗೆ ನಾನು ಅದನ್ನು ಬಳಸುವುದಿಲ್ಲ. ಪಾತ್ರೆಯಲ್ಲಿ ಎಣ್ಣೆ ಜಿಡ್ಡು ಇದ್ದರೆ ನೊರೆ ಬರುವುದೇ ಇಲ್ಲ, ಮೊದಲು ಅದನ್ನು ಒರೆಸಿಕೊಳ್ಳಿ. ಈ ಗಟ್ಟಿ ಐಸಿಂಗ್‌ಗೆ ಕೆಲವೇ ಹನಿ ನೀರು ಸೇರಿಸಿದರೆ ಅಂಚಿನ ಗೆರೆ ಎಳೆಯಬಹುದು. ಒಳಗೆ ತುಂಬುವುದಕ್ಕೆ ಇನ್ನೂ ಸ್ವಲ್ಪ ನೀರು ಬೇಕು, ಆದರೆ ಹನಿ ಹನಿಯಾಗಿಯೇ ಹಾಕಿ. ಚಾಕುವಿನಿಂದ ಐಸಿಂಗ್ ಮೇಲೆ ಒಂದು ಗೆರೆ ಎಳೆದು ಮನಸ್ಸಿನಲ್ಲೇ ಎಣಿಸಿ. 15 ಎಣಿಸುವ ಹೊತ್ತಿಗೆ ಗೆರೆ ಮುಚ್ಚಿದರೆ ಹದ ಸರಿ ಇದೆ. ಐದಕ್ಕೇ ಮುಚ್ಚಿತು ಅಂದರೆ ನೀರು ಜಾಸ್ತಿ, ಅದು ಬಣ್ಣ ಬಿಡುತ್ತದೆ, ಚಿಕ್ಕ ಜಾಗಗಳಲ್ಲಿ ಕುಸಿದು ಗುಳಿ ಬೀಳುತ್ತದೆ.

ಕೆಂಪು ಬೇಗ ಬರಲಿ ಅಂತ ಬಣ್ಣ ಸುರಿಯಬೇಡಿ. ಗಾಢ ಬಣ್ಣಗಳು ಇಟ್ಟಷ್ಟೂ ಗಾಢವಾಗುತ್ತವೆ. ಹಿಂದಿನ ದಿನವೇ ಜೆಲ್ ಬಣ್ಣ ಕಲಸಿ, ಬೇಕಾದ್ದಕ್ಕಿಂತ ಒಂದು ಹಂತ ತಿಳಿಯಾಗಿ ನಿಲ್ಲಿಸಿ, ಐಸಿಂಗ್ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮುಚ್ಚಿಡಿ. ಬೆಳಿಗ್ಗೆಗೆ ನಿಮಗೆ ಬೇಕಾದ ಕೆಂಪು ಬಂದಿರುತ್ತದೆ. ಕಪ್ಪು ಬೇಕಿದ್ದರೆ ಮೊದಲು ಕೋಕೋ ಪುಡಿ ಹಾಕಿ ಕಂದು ಮಾಡಿಕೊಳ್ಳಿ, ಆಮೇಲೆ ಕಪ್ಪು ಬಣ್ಣ ಸ್ವಲ್ಪವೇ ಸಾಕಾಗುತ್ತದೆ. ನಾಲಿಗೆಗೆ ಕಹಿಯೂ ಆಗುವುದಿಲ್ಲ.

ಮಗಳಿಗೆ ಮೊಟ್ಟೆ ಆಗುವುದಿಲ್ಲ. ಅವಳೊಬ್ಬಳಿಗೇ ಅಲಂಕಾರ ಇಲ್ಲದ ಕುಕಿ ಕೊಡಲು ಮನಸ್ಸು ಬರುತ್ತಿಲ್ಲ.

ಕೊಡುವುದು ಬೇಡ. ಎಲ್ಲರಿಗೂ ಮೊಟ್ಟೆ ಇಲ್ಲದ್ದನ್ನೇ ಮಾಡಿ, ಅವಳಿಗೆ ಬೇರೆ ತಟ್ಟೆ ಇಡುವ ಪ್ರಶ್ನೆಯೇ ಬರುವುದಿಲ್ಲ. ಮೆರಿಂಗ್ ಪೌಡರ್ ಮಾಡುವುದೂ ಮೊಟ್ಟೆಯ ಬಿಳಿಯಿಂದಲೇ, ಅದನ್ನೂ ದೂರ ಇಡಿ.

ಕಾಬೂಲಿ ಕಡಲೆ ಬೇಯಿಸಿದ ನೀರು ಮೊಟ್ಟೆಯ ಬಿಳಿಯ ಹಾಗೇ ನೊರೆ ಬರುತ್ತದೆ. ಇದನ್ನು 2014ರಲ್ಲಿ ತೋರಿಸಿಕೊಟ್ಟವರು ಫ್ರಾನ್ಸಿನ ಜೋಯೆಲ್ ರೋಸೆಲ್. ಮರುವರ್ಷ ಅದಕ್ಕೆ ಅಕ್ವಾಫಾಬಾ ಅನ್ನುವ ಹೆಸರು ಬಂತು. ಉಪ್ಪು ಹಾಕದೆ ಬೇಯಿಸಿ, ನೀರು ಲೋಳೆಯಾಗುವವರೆಗೆ ಕುದಿಸಿ ಇಂಗಿಸಿ, ಪೂರ್ತಿ ಆರಿಸಿ. ಒಂದು ಮೊಟ್ಟೆಯ ಬಿಳಿಯ ಬದಲು ಎರಡು ದೊಡ್ಡ ಚಮಚ ಲೆಕ್ಕ. ಇದರಿಂದ ಮಾಡಿದ ಐಸಿಂಗ್ ಒಣಗಲು ಸ್ವಲ್ಪ ತಡ, ಆದರೆ ಗಟ್ಟಿಯಾಗಿಯೇ ನಿಲ್ಲುತ್ತದೆ. ಕಡಲೆಯ ವಾಸನೆಗೆ ವೆನಿಲಾ ಹಾಕಿದರೆ ಸಾಕು. ಕುಕಿ ಹಿಟ್ಟಿಗೆ ಮೊಟ್ಟೆಯ ಬದಲು ಎರಡು ಮೂರು ಚಮಚ ಹಾಲು ಸ್ವಲ್ಪ ಸ್ವಲ್ಪವೇ ಹಾಕಿ, ಹಿಟ್ಟು ಒಂದಾದ ಕೂಡಲೇ ನಿಲ್ಲಿಸಿ.

ನಿಮ್ಮ ಹಾಗೇ ಯೋಚಿಸಿದವರು ಹಿಂದೆಯೂ ಇದ್ದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಅವರ ಹೆಂಡತಿಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಅವರು 1837ರಲ್ಲಿ ಮೊಟ್ಟೆ ಇಲ್ಲದ ಕಸ್ಟರ್ಡ್ ಪುಡಿ ಮಾಡಿದರು, 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದರು. ಮನೆಯವರೊಬ್ಬರು ತಿನ್ನಲಿ ಅಂತ ಮಾಡಿದ್ದು, ಇವತ್ತು ಎಲ್ಲರ ಅಡುಗೆಮನೆಗೂ ಬಂದಿದೆ.

ಬಟರ್‌ಕ್ರೀಮ್ ಹೂವುಗಳು ಪಾರ್ಟಿ ಶುರುವಾಗುವ ಹೊತ್ತಿಗೆ ಜಾರಿ ಕೆಳಗೆ ಬಂದಿದ್ದವು. ಏನು ಮಾಡಬೇಕಿತ್ತು?

ಬೆಣ್ಣೆ 32 ರಿಂದ 35 ಡಿಗ್ರಿಯ ಹೊತ್ತಿಗೆ ಕರಗಿಬಿಡುತ್ತದೆ, ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಸೆಕೆ ಇರುವ ಕೋಣೆಯಲ್ಲಿ ಪೂರ್ತಿ ಬೆಣ್ಣೆಯ ಹೂವು ನಿಲ್ಲುವುದು ಕಷ್ಟ. ಅರ್ಧ ಬೆಣ್ಣೆ, ಅರ್ಧ ಗಟ್ಟಿ ವನಸ್ಪತಿ ಕೊಬ್ಬು ಹಾಕಿದರೆ ಆಕಾರ ನಿಲ್ಲುತ್ತದೆ, ಆದರೆ ರುಚಿ ಕಮ್ಮಿಯಾಗುತ್ತದೆ, ಅದನ್ನು ಮುಚ್ಚಿಟ್ಟು ಹೇಳಲಾರೆ. ನನಗೆ ಇಷ್ಟವಾದ ದಾರಿ ಗನಾಶ್. ಮೂರು ಪಾಲು ಬಿಳಿ ಚಾಕೊಲೇಟಿಗೆ ಒಂದು ಪಾಲು ಕ್ರೀಮ್, ಡಾರ್ಕ್ ಚಾಕೊಲೇಟಾದರೆ ಎರಡು ಪಾಲಿಗೆ ಒಂದು. ರಾತ್ರಿಯಿಡೀ ಬಿಟ್ಟು ಆಮೇಲೆ ಹಚ್ಚಿ. ಇನ್ನೊಂದು, ನೀವು ಕೇಕು ಪೂರ್ತಿ ಆರಿತ್ತೇ ಅಂತ ಬರೆದಿಲ್ಲ. ಮೇಲೆ ಮುಟ್ಟಿದರೆ ತಣ್ಣಗಿದ್ದರೂ ನಡುವೆ ಬೆಚ್ಚಗೇ ಇರುತ್ತದೆ, ಕ್ರೀಮ್ ಕೆಳಗಿನಿಂದ ಕರಗುತ್ತದೆ. ಹಿಂದಿನ ದಿನ ಬೇಯಿಸಿ ಸುತ್ತಿಟ್ಟ ಕೇಕಿನ ಮೇಲೆ ಕೆಲಸ ಮಾಡಿ ನೋಡಿ.

ಫಾಂಡೆಂಟ್ (ಲಟ್ಟಿಸಿ ಕೇಕಿನ ಮೇಲೆ ಹೊದಿಸುವ ಸಕ್ಕರೆಯ ಹಿಟ್ಟು) ಹಚ್ಚಿದ ಕೇಕನ್ನು ಫ್ರಿಜ್ಜಿನಲ್ಲಿ ಇಡಲೇಬೇಕಾದರೆ ರಟ್ಟಿನ ಪೆಟ್ಟಿಗೆಯಲ್ಲಿಡಿ. ಹೊರಗೆ ತೆಗೆದ ಮೇಲೂ ಪೆಟ್ಟಿಗೆ ತೆರೆಯಬೇಡಿ. ನೀರ ಹನಿ ಪೆಟ್ಟಿಗೆಯ ಮೇಲೆ ಕೂರುತ್ತದೆ, ಕೇಕಿನ ಮೇಲಲ್ಲ.

ಕರಗಿಸಿದ ಬಿಳಿ ಚಾಕೊಲೇಟಿಗೆ ನೀಲಿ ಬಣ್ಣ ಹಾಕಿದ ತಕ್ಷಣ ಮುದ್ದೆಯಾಯಿತು.

ಅದು ನೀರು ಬೆರೆತ ಬಣ್ಣ. ಕರಗಿದ ಚಾಕೊಲೇಟಿಗೆ ಒಂದು ಹನಿ ನೀರು ಬಿದ್ದರೂ ಸಕ್ಕರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಹೀಗಾಗುತ್ತದೆ. ಎಣ್ಣೆಯ ಬಣ್ಣ ಅಥವಾ ಪುಡಿ ಬಣ್ಣ ತನ್ನಿ. ಆ ಮುದ್ದೆಯನ್ನು ಎಸೆಯಬೇಡಿ, ಬಿಸಿ ಕ್ರೀಮ್ ಸೇರಿಸಿ ಗನಾಶ್ ಮಾಡಿಕೊಳ್ಳಿ.

ಕೇಕಿನ ಮೇಲೆ ಚಿನ್ನದ ಹೊಳಪು ಪುಡಿ ಉದುರಿಸಬೇಕು ಅಂತ ಆಸೆ. ಡಬ್ಬಿಯ ಮೇಲೆ 'ನಾನ್ ಟಾಕ್ಸಿಕ್' ಅಂತಿದೆ. ಬಳಸಬಹುದಲ್ವಾ?

ಬೇಡ. ದಯವಿಟ್ಟು ಬೇಡ. ವಿಷ ಅಲ್ಲ ಅನ್ನುವುದಕ್ಕೂ ತಿನ್ನಬಹುದು ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಮಕ್ಕಳ ಬಣ್ಣದ ಪೆನ್ಸಿಲ್ ಮೇಲೂ ಅದೇ ಮಾತು ಇರುತ್ತದೆ. ಅಮೆರಿಕದ ರೋಡ್ ಐಲೆಂಡಿನಲ್ಲಿ 2018ರಲ್ಲಿ ಒಂದು ಹುಟ್ಟುಹಬ್ಬದ ಕೇಕು ತಿಂದು ಆರು ಮಕ್ಕಳಿಗೆ ವಾಂತಿ, ಭೇದಿ ಶುರುವಾಯಿತು. ಕ್ರೀಮಿಗೆ ಹಾಕಿದ್ದ ಗುಲಾಬಿ ಚಿನ್ನದ ಬಣ್ಣದ ಪುಡಿಯಲ್ಲಿ ಇದ್ದದ್ದು ತಾಮ್ರ. ಡಬ್ಬಿಯ ಮೇಲೆ 'ಎಡಿಬಲ್' ಅಂತ ಬರೆದಿರಬೇಕು, ಅದರ ಜೊತೆಗೆ ಏನೇನು ಹಾಕಿದ್ದಾರೆ ಅನ್ನುವ ಪಟ್ಟಿಯೂ ಇರಬೇಕು. ಪಟ್ಟಿ ಇಲ್ಲದ ಡಬ್ಬಿ ಮನೆಗೇ ಬೇಡ.

ನಿಜವಾದ ಹೂವು ಇಡುವವರಿಗೂ ಇದೇ ಮಾತು. ಕಣಗಿಲೆ ಹೂವು ನೋಡಲು ಚೆಂದ, ಆದರೆ ಗಿಡದ ಪ್ರತಿಯೊಂದು ಭಾಗವೂ ವಿಷ. ಸುಮ್ನೆ ಅಲಂಕಾರಕ್ಕೆ ತಾನೇ, ತೆಗೆದು ತಿಂದರಾಯಿತು ಅಂತ ಇಡಬೇಡಿ, ರಸ ಕ್ರೀಮಿಗೆ ಇಳಿಯುತ್ತದೆ. ಗೊಂಬೆ ನಿಲ್ಲಿಸಲು ಚುಚ್ಚಿದ ತಂತಿ, ಹಲ್ಲುಕಡ್ಡಿಗಳನ್ನು ಎಣಿಸಿ ಇಟ್ಟುಕೊಂಡು, ಕತ್ತರಿಸುವ ಮೊದಲು ಎಣಿಸಿಯೇ ತೆಗೆಯಿರಿ.

ಮಗನ ಹುಟ್ಟುಹಬ್ಬಕ್ಕೆ ಸಮುದ್ರದ ಥೀಮ್. ಮೂವತ್ತು ಕಪ್‌ಕೇಕು, ಮೂವತ್ತು ಕುಕೀಸ್. ಒಬ್ಬಳೇ ಮಾಡಬೇಕು. ಹಿಂದಿನ ದಿನ ರಜೆ ಹಾಕಿದರೆ ಸಾಕಾ?

ಒಂದು ದಿನ ಸಾಕಾಗುವುದಿಲ್ಲ, ಆದರೆ ರಜೆಯೂ ಬೇಕಾಗಿಲ್ಲ. ದಿನಕ್ಕೆ ಒಂದು ಕೆಲಸ ಅಂತ ಹಿಂದಿನಿಂದ ಲೆಕ್ಕ ಹಾಕಿ. ಕುಕಿ ಹಿಟ್ಟನ್ನು ಎರಡು ವಾರ ಮೊದಲೇ ಮಾಡಿ ಫ್ರೀಜರಿನಲ್ಲಿಡಬಹುದು. ನಾಲ್ಕು ದಿನ ಇರುವಾಗ ಬೇಯಿಸಿ. ಮೂರು ದಿನ ಇರುವಾಗ ರಾತ್ರಿ ನೀಲಿ ಪದರ ತುಂಬಿ ಒಣಗಲು ಬಿಟ್ಟು ಮಲಗಿ. ಮರುದಿನ ಬಿಳಿ ಅಲೆಗಳು, ಮೀನಿನ ಕಣ್ಣು. ಕಪ್‌ಕೇಕು ಹಿಂದಿನ ಸಂಜೆ ಬೇಯಿಸಿ, ಕಾಗದದ ಲೋಟ ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿ, ಇಲ್ಲದಿದ್ದರೆ ಉಕ್ಕಿ ಹೊರಗೆ ಬರುತ್ತದೆ. ಕ್ರೀಮ್ ಮಾತ್ರ ಆ ದಿನ ಬೆಳಿಗ್ಗೆ.

ಶಂಖ, ಆಮೆ, ಹಡಗು, ನಕ್ಷತ್ರಮೀನು ಎಲ್ಲವನ್ನೂ ಮಾಡಲು ಹೋಗಬೇಡಿ. ಎರಡು ನೀಲಿ, ಒಂದು ಬಿಳಿ, ಮೀನಿನ ಒಂದೇ ಅಚ್ಚು ಸಾಕು. ಮೂವತ್ತು ಮೀನು ಒಂದೇ ತಟ್ಟೆಯಲ್ಲಿ ಒಂದೇ ಕಡೆ ಮುಖ ಮಾಡಿ ಕೂತಾಗ ಅದೇ ಸಮುದ್ರದ ಹಾಗೆ ಕಾಣುತ್ತದೆ. ಮೂವತ್ತರ ಜೊತೆಗೆ ಇನ್ನೂ ಆರು ಬೇಯಿಸಿಡಿ. ಎರಡು ಮುರಿಯುತ್ತವೆ, ಒಂದರ ಮೇಲೆ ಹೊಸ ಬಣ್ಣ ಪರೀಕ್ಷೆ ಮಾಡುತ್ತೀರಿ, ಉಳಿದ ಮೂರಕ್ಕೆ ಕಣ್ಣು ಬರೆಯುವ ಕೆಲಸ ನಿಮ್ಮ ಮಗನಿಗೆ ಕೊಡಿ.